ಬಸುರಿಯ ಸ್ತನಚರ್ಮ: ಬಣ್ಣ ಮತ್ತು ಬದಿ

ಬಸುರಿನಲ್ಲಿ ಸ್ತನದ ತೊಟ್ಟು ಕಪ್ಪಾಗುವುದನ್ನು ಸುಶ್ರುತ ಸಂಹಿತೆಯ ಶಾರೀರಸ್ಥಾನವೇ ಗರ್ಭಲಕ್ಷಣಗಳಲ್ಲಿ ಎಣಿಸಿದೆ. ಡಬ್ಲಿನ್ನಿನ ವೈದ್ಯ ಮಾಂಟ್‌ಗೊಮರಿ 1837ರಲ್ಲಿ ತೊಟ್ಟಿನ ಸುತ್ತಲ ವೃತ್ತದಲ್ಲಿ ಏಳುವ ಸಣ್ಣ ಗುಳ್ಳೆಗಳನ್ನು ವಿವರಿಸಿದ; ಅವು ಜಿಡ್ಡು ಸ್ರವಿಸುವ ಗ್ರಂಥಿಗಳು. ಹಾರ್ಮೋನುಗಳು ಏರಿದಂತೆ ವೃತ್ತ ಅಗಲವಾಗುತ್ತದೆ, ನೀಲಿ ರಕ್ತನಾಳಗಳು ಎದ್ದು ಕಾಣುತ್ತವೆ, ಚರ್ಮ ಹಿಗ್ಗಿ ಗೀರು ಬಿದ್ದು ತುರಿಸುತ್ತದೆ. ಇದೆಲ್ಲ ಸಹಜ. ಸಹಜವಲ್ಲದ್ದನ್ನು ಬೇರ್ಪಡಿಸುವಾಗ ಗುಂಡ್ಲುಪೇಟೆ ತಾಲ್ಲೂಕಿನ ತೆರಕಣಾಂಬಿಯಂಥ ಸೀಮೆಯಲ್ಲಿ ಬಣ್ಣವನ್ನು ನಂಬಿ ಕೂರಬಾರದು, ಎರಡು ಬದಿಗಳನ್ನು ಹೋಲಿಸಿ ನೋಡಬೇಕು ಎಂಬುದು ಇಲ್ಲಿನ ವಾದ.

ಹಾರ್ಮೋನು ರಕ್ತದಲ್ಲಿ ಹರಿದು ಎರಡೂ ಸ್ತನಗಳನ್ನು ಮುಟ್ಟುತ್ತದೆ. ರೋಗ ಸಾಮಾನ್ಯವಾಗಿ ಒಂದು ಕಡೆ ಹುಟ್ಟುತ್ತದೆ. ಉರಿಯೂತದ ಸ್ತನ ಕ್ಯಾನ್ಸರಿಗೆ ಪಠ್ಯಪುಸ್ತಕಗಳು ಕೊಡುವ ಮೊದಲ ಗುರುತು ಕೆಂಪು. ಅದು ಬಿಳಿ ಚರ್ಮದ ಮೇಲೆ ಕಂಡ ಕೆಂಪು. ಕಂದು ಚರ್ಮದಲ್ಲಿ ಅದು ನೇರಳೆಯಾಗಿ, ಇಲ್ಲವೇ ಬರೀ ಕಪ್ಪಾಗಿ ಕಂಡು ಬಸುರಿನ ಕಪ್ಪಿನೊಳಗೇ ಸೇರಿಹೋಗುತ್ತದೆ. ಗುಂಡ್ಲುಪೇಟೆ ತಾಲ್ಲೂಕು ಅರಿಸಿನ ಬೆಳೆಯುವ ನೆಲ. ಎಣ್ಣೆ ಅರಿಸಿನ ಹಚ್ಚಿದ ಮೈಯಲ್ಲಿ ಉಳಿದ ಸುಳಿವೂ ಮುಚ್ಚಿಹೋದೀತು. ಆದರೆ ಒಂದೇ ಕಡೆಯ ಬಿಸಿ, ಚರ್ಮ ದಪ್ಪವಾಗಿ ಕಿತ್ತಳೆ ಸಿಪ್ಪೆಯಂತೆ ಬೀಳುವ ಕುಳಿ, ಹೊಸದಾಗಿ ಒಳಸರಿದ ತೊಟ್ಟು, ಆರದ ಹಕ್ಕಳೆ: ಇವು ಕೈಗೆ ಸಿಗುತ್ತವೆ, ಯಾವ ಬಣ್ಣದ ಮೈಯಾದರೂ.

ಸ್ತನಗಳು ಹುಟ್ಟಿನಿಂದಲೇ ಸಮವಿರುವುದಿಲ್ಲವಲ್ಲ ಎನ್ನಬಹುದು. ನಿಜ, ಹೋಲಿಸಬೇಕಾದ್ದು ಗಾತ್ರವನ್ನಲ್ಲ, ಹಿಂದೆ ಇಲ್ಲದೆ ಈಗ ಬಂದದ್ದನ್ನು. ಬಸುರಿನ ಸುತ್ತಮುತ್ತ ಬರುವ ಸ್ತನ ಕ್ಯಾನ್ಸರು ಸುಮಾರು 3,000 ಗರ್ಭಗಳಿಗೆ ಒಂದು, ಇಷ್ಟಕ್ಕೆ ಎಲ್ಲರನ್ನೂ ಹೆದರಿಸಬೇಕೇ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ಒಂದು ಬದಿಯ ಬಾವು ಬಹುಪಾಲು ಸೋಂಕೇ ಆಗಿರುತ್ತದೆ, ಔಷಧಿಗೆ ಇಳಿಯುತ್ತದೆ. ಆದರೆ ಅಪರೂಪವೆಂಬ ನಂಬಿಕೆಯೇ ಇಲ್ಲಿ ತಡಕ್ಕೆ ಕಾರಣ: ಬಸುರಿಯೂ ವೈದ್ಯರೂ ಇದು ಬಸುರಿನ ಪಾಡು ಎಂದುಕೊಂಡು ವಾರಗಳನ್ನು ಕಳೆಯುತ್ತಾರೆ. ಒಂದೆರಡು ವಾರದ ಔಷಧಿಗೂ ಇಳಿಯದ ಬಾವನ್ನು ಅಲ್ಟ್ರಾಸೌಂಡಿಗೆ ಕಳಿಸಬೇಕು. ಅದರಲ್ಲಿ ವಿಕಿರಣವಿಲ್ಲ, ಅನುಮಾನ ಉಳಿದರೆ ಸೂಜಿಯ ಬಯಾಪ್ಸಿಯನ್ನೂ ಬಸುರಿನಲ್ಲೇ ಮಾಡಬಹುದು.

ಸಂಕೋಚದ ಮಾತೊಂದು ಉಳಿಯಿತು. ಮನೆಬಾಗಿಲಲ್ಲಿ ಆಶಾ ಕಾರ್ಯಕರ್ತೆ ರವಿಕೆ ಬಿಚ್ಚಿಸಿ ನೋಡಲಾರಳು, ನೋಡಬೇಕಾಗಿಯೂ ಇಲ್ಲ. ತಾಯಿ ಕಾರ್ಡು ಕೈಗೆತ್ತಿಕೊಂಡಾಗ "ಎಲ್ಡು ಕಡೆನೂ ಹಿಂಗೇಯಾ, ಒಂದೇ ಕಡೆನಾ?" ಎಂದು ಕೇಳಿ, ಒಂದೇ ಕಡೆ ಎಂಬ ಉತ್ತರ ಬಂದರೆ ಅದನ್ನೂ ಎಂದಿನಿಂದ ಎಂಬುದನ್ನೂ ಬರೆದುಕೊಂಡು ವೈದ್ಯರ ಬಳಿಗೆ ಕಳಿಸಬೇಕು.