ಎರಡು ಚುಕ್ಕಿಗಳ ಜಾಯಿಂಟ್ ಅಕೌಂಟ್

ಕಥೆಗೆ ಮುಂಚೆ ಒಂದು ಮಾತು ಒಪ್ಪಿಕೊಂಡುಬಿಡ್ತೀನಿ. ನಾನು ಓದಿದ್ದು ಬಿಕಾಂ. ಎಸ್ಸೆಸ್ಸೆಲ್ಸಿ ಮುಗಿದ ದಿನವೇ ಕೆಮಿಸ್ಟ್ರಿಗೆ ಕೈಮುಗಿದು ಬಂದವನು. ಎರಡು ಹೈಡ್ರೋಜನ್ ಬರೆದು ಮಧ್ಯೆ ಎರಡು ಚುಕ್ಕಿ ಇಡ್ತಿದ್ವಲ್ಲ, ನೆನಪಿದೆಯಾ? ‘ಸಹವೇಲೆನ್ಸೀಯ ಬಂಧ’ ಅಂತ ಬಾಯಿಪಾಠ ಮಾಡಿ, ಮಾರ್ಕ್ಸ್ ತಗೊಂಡು, ಅಲ್ಲಿಗೇ ಮರೆತಿದ್ದೆ. ಆ ಚುಕ್ಕಿಗಳನ್ನ ಮೊದಲು ಇಟ್ಟವರು ಯಾರು ಅಂತ ಒಂದು ದಿನವೂ ಕೇಳಿರಲಿಲ್ಲ.

ಅವರ ಹೆಸರು ಗಿಲ್ಬರ್ಟ್ ನ್ಯೂಟನ್ ಲೂಯಿಸ್. ಅಮೆರಿಕದವರು, ಹುಟ್ಟಿದ್ದು 1875ರಲ್ಲಿ. ಪರಮಾಣುಗಳು ಎಲೆಕ್ಟ್ರಾನ್ ಹಂಚಿಕೊಂಡು ಬದುಕ್ತವೆ ಅಂತ ಹೇಳಿಕೊಟ್ಟವರು. ಆದ್ರೆ ಆ ಐಡಿಯಾದ ಕೀರ್ತಿಯನ್ನ ಇನ್ನೊಬ್ಬರ ಜೊತೆ ಹಂಚಿಕೊಳ್ಳಬೇಕಾಗಿ ಬಂದಾಗ ಅವರಿಗೇ ಕಷ್ಟವಾಯ್ತು. ಇವತ್ತಿನ ಕಥೆ ಈ ಎರಡೂ ಹಂಚಿಕೆಗಳದ್ದು.

ಮೊದಲು ಸಮಸ್ಯೆ ಏನಿತ್ತು ನೋಡೋಣ. 19ನೇ ಶತಮಾನದ ಆರಂಭದಲ್ಲಿ ಸ್ವೀಡನ್‌ನ ಬರ್ಜೀಲಿಯಸ್ ಒಂದು ಸರಳ ವಿವರಣೆ ಕೊಟ್ಟಿದ್ದರು. ಒಂದು ಪರಮಾಣು ಪ್ಲಸ್, ಇನ್ನೊಂದು ಮೈನಸ್, ಎರಡೂ ಎಳೆದುಕೊಂಡು ಅಂಟಿಕೊಳ್ತವೆ. ಅಡುಗೆ ಉಪ್ಪಿನ ಮಟ್ಟಿಗೆ ಇದು ಸರಿಹೋಗುತ್ತೆ. ಆದ್ರೆ ಹೈಡ್ರೋಜನ್ ಅನಿಲದಲ್ಲಿ ಇರೋದು ಹೈಡ್ರೋಜನ್‌ಗೆ ಅಂಟಿದ ಹೈಡ್ರೋಜನ್. ಎರಡೂ ಒಂದೇ ಥರ. ಯಾವುದು ಪ್ಲಸ್, ಯಾವುದು ಮೈನಸ್? ಇದಕ್ಕೆ ಉತ್ತರ ಇರಲಿಲ್ಲ.

1858ರಲ್ಲಿ ಸ್ಕಾಟ್ಲೆಂಡ್‌ನ ಆರ್ಚಿಬಾಲ್ಡ್ ಕೂಪರ್ ಪರಮಾಣುಗಳ ಮಧ್ಯೆ ಗೆರೆ ಎಳೆದು ಬಂಧ ತೋರಿಸಿದರು. ಗೆರೆ ತುಂಬಾ ಅನುಕೂಲ ಆಯ್ತು, ಎಲ್ಲರೂ ಎಳೆಯೋಕೆ ಶುರು ಮಾಡಿದರು. ಆದ್ರೆ ಆ ಗೆರೆ ಅಂದ್ರೆ ನಿಜಕ್ಕೂ ಏನು ಅನ್ನೋದು ಮುಂದಿನ ಐವತ್ತು ವರ್ಷ ಬಗೆಹರಿಯಲೇ ಇಲ್ಲ. ಎಲೆಕ್ಟ್ರಾನ್ ಸಿಕ್ಕಿದ್ದೇ 1897ರಲ್ಲಿ, ಜೆ. ಜೆ. ಥಾಮ್ಸನ್ ಅವರಿಂದ.

ಅದಾಗಿ ಐದು ವರ್ಷಕ್ಕೆ, 1902ರಲ್ಲಿ, ಲೂಯಿಸ್ ಹಾರ್ವರ್ಡ್‌ನಲ್ಲಿ ಪಾಠ ಮಾಡ್ತಿದ್ದರು. ವಯಸ್ಸು 26, ಅಂದ್ರೆ ಈಗ ನನಗಿರೋದಕ್ಕಿಂತ ಕಡಿಮೆ. ಒಂದು ಹಾಳೆಯಲ್ಲಿ ಪರಮಾಣುಗಳನ್ನ ಲೂಡೋ ದಾಳದ ಹಾಗೆ ಚೌಕ ಡಬ್ಬಿಗಳಾಗಿ ಬಿಡಿಸಿದರು. ಡಬ್ಬಿಗೆ ಎಂಟು ಮೂಲೆ, ಒಂದೊಂದು ಮೂಲೆಗೆ ಒಂದೊಂದು ಎಲೆಕ್ಟ್ರಾನ್. ಎಂಟೂ ತುಂಬಿದ್ರೆ ಪರಮಾಣುವಿಗೆ ನೆಮ್ಮದಿ. ಆದ್ರೆ ಇದನ್ನ ಅವರು ಪ್ರಕಟಿಸಲಿಲ್ಲ. ಮಧ್ಯೆ ಫಿಲಿಪ್ಪೀನ್ಸ್‌ನ ಮನಿಲಾಕ್ಕೆ ಹೋಗಿ ತೂಕ-ಅಳತೆ ಇಲಾಖೆಯ ಅಧಿಕಾರಿಯಾಗಿದ್ದರು. ವಾಪಸ್ ಬಂದು ಎಂಐಟಿ ಸೇರಿದರು, 1912ರಲ್ಲಿ ಬರ್ಕ್ಲಿಗೆ ಹೋದರು. ಹಾಳೆ ಹಾಗೇ ಇತ್ತು.

1916ರಲ್ಲಿ, 14 ವರ್ಷದ ನಂತರ, ಪ್ರಬಂಧ ಹೊರಗೆ ಬಂತು. ಅಷ್ಟರಲ್ಲಿ ಡಬ್ಬಿಗಿಂತ ದೊಡ್ಡ ವಿಚಾರ ಒಂದು ಅವರಿಗೆ ಹೊಳೆದಿತ್ತು: ಗೆರೆ ಅಂದ್ರೆ ಎರಡು ಎಲೆಕ್ಟ್ರಾನ್‌ಗಳ ಒಂದು ಜೋಡಿ. ಆ ಜೋಡಿ ಎರಡೂ ಪರಮಾಣುಗಳಿಗೆ ಸೇರಿದ್ದು, ಯಾವ ಒಂದರ ಸ್ವಂತದ್ದೂ ಅಲ್ಲ. ಅದನ್ನ ತೋರಿಸೋಕೆ ಅವರು ಇಟ್ಟಿದ್ದೇ ನಮ್ಮ ಚುಕ್ಕಿಗಳು.

ಇಲ್ಲಿ ನಾನೇ ಎಡವಿದೆ. ಸ್ಕ್ರಿಪ್ಟ್‌ನಲ್ಲಿ ಮೊದಲು ‘ಪರಮಾಣುಗಳು ಎಲೆಕ್ಟ್ರಾನ್‌ಗಳನ್ನ ಅರ್ಧರ್ಧ ಹಂಚಿಕೊಳ್ತವೆ’ ಅಂತ ಬರೆದಿದ್ದೆ. ನಮ್ಮಕ್ಕ ಹೈಸ್ಕೂಲಲ್ಲಿ ವಿಜ್ಞಾನದ ಟೀಚರ್. ಓದಿ ನಕ್ಕಳು. “ಅರ್ಧರ್ಧ ಅಲ್ಲ ಕಣೋ. ಕ್ಲೋರಿನ್ ತಗೋ, ಲೆಕ್ಕ ಮಾಡು” ಅಂದಳು.

ಮಾಡಿದೆ. ಕ್ಲೋರಿನ್‌ನ ಹೊರಗಿನ ಕವಚದಲ್ಲಿ 7 ಎಲೆಕ್ಟ್ರಾನ್ ಇರ್ತವೆ. ಎರಡು ಕ್ಲೋರಿನ್ ಸೇರಿದ್ರೆ 14. ಆದ್ರೆ ಪುಸ್ತಕದಲ್ಲಿ ಇಬ್ಬರಿಗೂ ಎಂಟೆಂಟು ಅಂತಿದೆ, ಅಂದ್ರೆ 16. ಎರಡು ಎಲ್ಲಿಂದ ಬಂತು? ಆಡಿಟರ್ ಕೈಗೆ ಸಿಕ್ಕಿದ್ರೆ ಕೆಲಸ ಹೋಗೋ ಲೆಕ್ಕ ಇದು! ಆಮೇಲೆ ಹೊಳೀತು. ಮಧ್ಯದ ಜೋಡಿಯನ್ನ ಇಬ್ಬರೂ ಪೂರ್ತಿಯಾಗಿ ಎಣಿಸ್ತಿದ್ದಾರೆ. ಗಂಡ-ಹೆಂಡತಿ ಜಾಯಿಂಟ್ ಅಕೌಂಟ್‌ನಲ್ಲಿ 2,000 ರೂಪಾಯಿ ಇದ್ರೆ, ‘ನನ್ನ ಹತ್ರ ಸಾವಿರ ಇದೆ’ ಅಂತ ಯಾರೂ ಹೇಳಲ್ಲ. ಇಬ್ಬರೂ ಎರಡು ಸಾವಿರ ಅಂತಾನೇ ಹೇಳ್ತಾರೆ, ಇಬ್ಬರದ್ದೂ ನಿಜ. ಒಬ್ಬರೇ ಎಲ್ಲ ತಗೊಂಡು ಹೋದ್ರೆ ಅಕೌಂಟೇ ಇರಲ್ಲ.

ಪರಮಾಣುಗಳನ್ನ ಹಿಡಿದಿಡೋದೂ ಈ ಜೋಡಿಯೇ. ಎಲೆಕ್ಟ್ರಾನ್ ಮೈನಸ್, ನ್ಯೂಕ್ಲಿಯಸ್ ಪ್ಲಸ್. ಮಧ್ಯದಲ್ಲಿರೋ ಜೋಡಿಯನ್ನ ಎರಡೂ ಕಡೆಯ ನ್ಯೂಕ್ಲಿಯಸ್‌ಗಳು ಎಳೀತವೆ, ಹಾಗಾಗಿ ದೂರ ಹೋಗಲ್ಲ. ಇದನ್ನ ಗಣಿತದಲ್ಲಿ ತೋರಿಸಿದ್ದು 1927ರಲ್ಲಿ, ಹೊಸ ಕ್ವಾಂಟಮ್ ಸಿದ್ಧಾಂತ ಬಳಸಿ, ಹೈಟ್ಲರ್ ಮತ್ತು ಲಂಡನ್ ಅನ್ನೋ ಇಬ್ಬರು ಭೌತವಿಜ್ಞಾನಿಗಳು. ಅದಕ್ಕೆ ಅವರು ಆರಿಸಿಕೊಂಡಿದ್ದು ಬರ್ಜೀಲಿಯಸ್‌ಗೆ ಉತ್ತರ ಸಿಗದ ಅದೇ ಹೈಡ್ರೋಜನ್.

ಈಗ ಎರಡನೇ ಹಂಚಿಕೆ. ಪ್ರಬಂಧ ಬಂದಾಗ ಮೊದಲ ಮಹಾಯುದ್ಧ ನಡೀತಿತ್ತು. 1918ರಲ್ಲಿ ಲೂಯಿಸ್ ಸೇನೆ ಸೇರಿ ಫ್ರಾನ್ಸ್‌ಗೆ ಹೋದರು, ವಿಷಾನಿಲದಿಂದ ಸೈನಿಕರನ್ನ ಉಳಿಸೋ ತರಬೇತಿ ಕೊಡೋಕೆ. ಅವರು ವಾಪಸ್ ಬಂದ ಮೇಲೆ, 1919ರಲ್ಲಿ, ಜನರಲ್ ಎಲೆಕ್ಟ್ರಿಕ್ ಕಂಪನಿಯ ಲ್ಯಾಬ್‌ನ ಇರ್ವಿಂಗ್ ಲ್ಯಾಂಗ್ಮ್ಯೂರ್ ಇದೇ ವಿಚಾರವನ್ನ ಬೆಳೆಸಿ ದೊಡ್ಡ ಪ್ರಬಂಧ ಬರೆದರು. ಅನಿಲ ತುಂಬಿದ ಬಲ್ಬ್ ಕಂಡುಹಿಡಿದವರು ಇವರೇ. ಲೂಯಿಸ್‌ಗೆ ಭಾಷಣ ಅಂದ್ರೆ ಅಷ್ಟಕ್ಕಷ್ಟೇ. ಲ್ಯಾಂಗ್ಮ್ಯೂರ್ ಅದ್ಭುತ ಮಾತುಗಾರ, ಊರೂರು ಸುತ್ತಿ ವಿವರಿಸಿದರು. ‘ಕೋವೇಲೆನ್ಸ್’ ಅನ್ನೋ ಹೆಸರು ಇಟ್ಟಿದ್ದೂ ಅವರೇ. ಲೂಯಿಸ್ ಅವರ ಕೆಲಸವನ್ನ ಲ್ಯಾಂಗ್ಮ್ಯೂರ್ ಮುಚ್ಚಿಡಲಿಲ್ಲ. ಆದ್ರೂ ಜನ ಅದನ್ನ ‘ಲೂಯಿಸ್-ಲ್ಯಾಂಗ್ಮ್ಯೂರ್ ಸಿದ್ಧಾಂತ’ ಅಂದರು, ಎಷ್ಟೋ ಕಡೆ ಬರೀ ಲ್ಯಾಂಗ್ಮ್ಯೂರ್ ಸಿದ್ಧಾಂತ ಅಂತಾನೇ ಆಯ್ತು.

ಲೂಯಿಸ್‌ಗೆ ಇದು ನೋವಾಯ್ತು. 1923ರ ತಮ್ಮ ಪುಸ್ತಕದಲ್ಲಿ ಅವರು 1902ರ ಆ ಹಳೇ ಹಾಳೆಯ ಚಿತ್ರವನ್ನೇ ಅಚ್ಚು ಹಾಕಿಸಿದರು. ನೋಡಿ, ಇದು ನನ್ನ ಹತ್ರ ಆಗಲೇ ಇತ್ತು ಅನ್ನೋ ಹಾಗೆ.

1932ರಲ್ಲಿ ಲ್ಯಾಂಗ್ಮ್ಯೂರ್‌ಗೆ ನೊಬೆಲ್ ಬಂತು. ಅದು ಮೇಲ್ಮೈ ರಸಾಯನಶಾಸ್ತ್ರಕ್ಕೆ, ಬಂಧದ ಸಿದ್ಧಾಂತಕ್ಕಲ್ಲ. ಬರ್ಕ್ಲಿಯಲ್ಲಿ ಲೂಯಿಸ್ ಕಟ್ಟಿದ ವಿಭಾಗದಲ್ಲಿ ಓದಿದ ಹೆರಾಲ್ಡ್ ಯೂರಿಗೆ 1934ರಲ್ಲಿ ಬಂತು. ಮುಂದೆ ವಿಲಿಯಂ ಜಿಯೋಕ್, ಗ್ಲೆನ್ ಸೀಬೋರ್ಗ್ ಅವರಿಗೂ ಬಂತು. ಲೂಯಿಸ್ ಹೆಸರು ಮತ್ತೆ ಮತ್ತೆ ಶಿಫಾರಸಾದ್ರೂ ಅವರಿಗೆ ಮಾತ್ರ ಕೊನೆಗೂ ಬರಲಿಲ್ಲ. 1946ರ ಮಾರ್ಚ್ 23ರಂದು, 70ನೇ ವಯಸ್ಸಿನಲ್ಲಿ, ತಮ್ಮ ಲ್ಯಾಬ್‌ನಲ್ಲೇ ಪ್ರಯೋಗ ಮಾಡ್ತಾ ತೀರಿಕೊಂಡರು.

ಆದ್ರೆ ಕಥೆ ಬರೀ ಅನ್ಯಾಯದ್ದು ಅಂತ ನನಗೆ ಅನ್ನಿಸಲ್ಲ. 1939ರಲ್ಲಿ ಲೈನಸ್ ಪಾಲಿಂಗ್ ರಾಸಾಯನಿಕ ಬಂಧದ ಬಗ್ಗೆ ಬರೆದ ಪ್ರಸಿದ್ಧ ಪುಸ್ತಕವನ್ನ ಲೂಯಿಸ್‌ಗೇ ಅರ್ಪಿಸಿದರು. ನಾವು ಉಸಿರಾಡೋ ಗಾಳಿಯಲ್ಲಿ ಶೇ. 78ರಷ್ಟು ನೈಟ್ರೋಜನ್, ಅದರ ಒಂದೊಂದು ಅಣುವಲ್ಲೂ ಇಂಥ ಮೂರು ಜೋಡಿಗಳಿವೆ. ನೀವು ಇದನ್ನ ಕೇಳ್ತಿರೋ ಫೋನಿನ ಚಿಪ್‌ನಲ್ಲಿರೋ ಸಿಲಿಕಾನ್ ಹರಳಲ್ಲಿ ಒಂದೊಂದು ಪರಮಾಣುವೂ ನಾಲ್ಕು ನೆರೆಯವರ ಜೊತೆ ಒಂದೊಂದು ಜೋಡಿ ಹಂಚಿಕೊಂಡು ನಿಂತಿದೆ. ಅದನ್ನ ಹಾಳೆ ಮೇಲೆ ಬರೆಯೋವಾಗ ಇವತ್ತಿಗೂ ಚುಕ್ಕಿ ಲೂಯಿಸ್‌ದು, ಹೆಸರು ಲ್ಯಾಂಗ್ಮ್ಯೂರ್‌ದು. ಒಬ್ಬರು ಯೋಚನೆ ಮಾಡಿದರು, ಇನ್ನೊಬ್ಬರು ಅದನ್ನ ನಾಲ್ಕು ಜನಕ್ಕೆ ತಲುಪಿಸಿದರು. ಎರಡೂ ಬೇಕಿತ್ತು. ಆದ್ರೆ ಮಾತಾಡಿದವರ ಹೆಸರು ಬೇಗ ಉಳಿಯುತ್ತೆ. ಯೋಚಿಸಿದವರ ಹೆಸರನ್ನ ನಾವೇ ನೆನಪಿಟ್ಟು ಹೇಳಬೇಕು.

ಇದನ್ನ ನನಗೂ ಸೇರಿಸಿ ಹೇಳ್ತಿದ್ದೀನಿ. ಈ ಎಪಿಸೋಡ್‌ನಲ್ಲಿ ಕೇಳಿಸಿದ್ದು ನನ್ನ ದನಿ. ಆದ್ರೆ ಲೆಕ್ಕ ತಿದ್ದಿಕೊಟ್ಟವಳು ಅಕ್ಕ. ಹೆಸರು ಹೇಳ್ಲಾ ಅಂದ್ರೆ “ಬೇಡ, ಸ್ಕೂಲಲ್ಲಿ ಮಕ್ಕಳು ರೇಗಿಸ್ತಾರೆ” ಅಂದಳು. ಹಾಗಾಗಿ ಬರೀ ‘ಅಕ್ಕ’ ಅಂತ ಇರಲಿ. ಕಥೆ ಇಷ್ಟ ಆಗಿದ್ರೆ ಹತ್ತನೇ ಕ್ಲಾಸ್ ಓದ್ತಿರೋ ಒಬ್ಬರಿಗಾದ್ರೂ ಕಳಿಸಿ.