ಹುಳಿ ಪಾನದ ಹಳೆಯ ನೆಲ

ಬೆಂಗಳೂರಿನ ಬಿಯರಿನ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ದಂಡಿನ ಪ್ರದೇಶದಿಂದಲೇ ಆರಂಭಿಸುವುದು ವಾಡಿಕೆ. ಅದಕ್ಕೆ ಆಧಾರವೂ ಉಂಟು. 1809ರಲ್ಲಿ ಕಂಟೋನ್ಮೆಂಟು ನೆಲೆಗೊಂಡ ಮೇಲೆ ಇಲ್ಲಿಗೆ ಬಂದಿಳಿದ ಬಿಳಿಯ ಸಿಪಾಯಿಗಳ ದಾಹವೇ ಈ ಉದ್ಯಮಕ್ಕೆ ಮೂಲವಾಯಿತು. ದಕ್ಷಿಣ ಭಾರತದ ಐದು ಬ್ರೂವರಿಗಳನ್ನು ಸ್ಕಾಟ್ಲೆಂಡಿನ ಥಾಮಸ್ ಲೀಷ್‌ಮನ್ 1915ರಲ್ಲಿ ಒಂದುಗೂಡಿಸಿ ಯುನೈಟೆಡ್ ಬ್ರೂವರೀಸನ್ನು ಕಟ್ಟಿದಾಗ ಅವುಗಳಲ್ಲಿ ಹಿರಿಯದಾದ ಕ್ಯಾಸಲ್ ಬ್ರೂವರಿಗೆ ಆಗಲೇ ಐವತ್ತೆಂಟು ವರ್ಷ ತುಂಬಿತ್ತು. ಭಾರಿ ಪೀಪಾಯಿಗಳಲ್ಲಿ ತುಂಬಿದ ಬಿಯರು ಎತ್ತಿನ ಗಾಡಿಯೇರಿ ಪಾಳೆಯಗಳಿಗೆ ಸಾಗುತ್ತಿತ್ತು. ಆದರೆ ಇಂದು ಜೆ.ಪಿ. ನಗರದ ಕಡೆಯ ಮೈಕ್ರೊಬ್ರೂವರಿಗಳಿಗೆ ಹೋಗುವವರು ಸವಿಯಬಯಸುವ ತೆಳುವಾದ, ಹುಳಿಯಾದ ಗೋಧಿ ಬಿಯರಿನ ವಂಶವನ್ನು ಆ ದಂಡಿನಲ್ಲಿ ಹುಡುಕಿದರೆ ಸಿಗಲಾರದು. ಅದರ ತವರು ಬರ್ಲಿನ್. ಅದನ್ನು ಮೆಚ್ಚುವ ನಾಲಗೆಯ ತವರಾದರೋ ಇದೇ ದಕ್ಷಿಣ ಬೆಂಗಳೂರಿನ ಕೆರೆಯಂಚುಗಳೆಂಬುದು ನನ್ನ ದೃಢವಾದ ನಂಬಿಕೆ.

ದಂಡಿನ ಬಿಯರಿಗೆ ಹುಳಿಯೆಂಬುದು ಶತ್ರು. ಕ್ಯಾಸಲ್ ಬ್ರೂವರಿ ಹುಟ್ಟಿದ 1857ರಲ್ಲಿಯೇ ಲೂಯಿ ಪಾಸ್ತರನು ಹಾಲನ್ನು ಹುಳಿಗೊಳಿಸುವ ಕ್ರಿಯೆ ಸೂಕ್ಷ್ಮಜೀವಿಗಳದೆಂದು ಪ್ರತಿಪಾದಿಸಿದನು. 1876ರಲ್ಲಿ ಬಿಯರನ್ನು ಕುರಿತು ಬರೆದ ಗ್ರಂಥದಲ್ಲಿ ಅಂಥ ಜೀವಿಗಳನ್ನು ಬಿಯರಿನ ವ್ಯಾಧಿಗಳ ಪಂಕ್ತಿಗೆ ಸೇರಿಸಿದನು. 1883ರಲ್ಲಿ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯ ಎಮಿಲ್ ಹಾನ್ಸೆನ್ ಒಂದೇ ಕೋಶದಿಂದ ಶುದ್ಧವಾದ ಯೀಸ್ಟನ್ನು ಬೆಳೆಸಿದ ಮೇಲಂತೂ ಕಾರ್ಖಾನೆಗಳಲ್ಲಿ ಹುಳಿಗೆ ಎಡೆಯೇ ಇಲ್ಲವಾಯಿತು. ಬರ್ಲಿನ್ನಿನವರು ಮಾತ್ರ ವೈಸ್ಸೆಯೆಂಬ ತಮ್ಮ ಹುಳಿ ಗೋಧಿ ಬಿಯರನ್ನು ಕೈಬಿಡಲಿಲ್ಲ. ಮೊಳಕೆ ಬರಿಸಿದ ಗೋಧಿ ಮತ್ತು ಬಾರ್ಲಿಯಿಂದ ತೆಗೆದ ಸಿಹಿರಸವನ್ನು ಬೆಚ್ಚಗಿರುವಾಗಲೇ ಲ್ಯಾಕ್ಟೊಬ್ಯಾಸಿಲಸ್ ಎಂಬ ಹುಳಿಯ ಜೀವಿಗಳನ್ನು ಬೆರೆಸಿ ಒಂದೆರಡು ದಿನ ಬಿಟ್ಟು, ಹುಳಿ ಹದಕ್ಕೆ ಬಂದೊಡನೆ ಕುದಿಸಿ ಆ ಜೀವಿಗಳನ್ನು ಅಡಗಿಸಿ, ಅನಂತರ ಯೀಸ್ಟಿಗೆ ಒಪ್ಪಿಸುವುದು ಈಗಿನ ಸುಲಭಮಾರ್ಗ. ಮದ್ಯಸಾರ ನೂರಕ್ಕೆ ಮೂರರ ಆಸುಪಾಸು. ಹಾಪ್ಸಿನ ಕಹಿ ಇಲ್ಲವೆನ್ನುವಷ್ಟು ಅಲ್ಪ, ಏಕೆಂದರೆ ಹಾಪ್ಸು ಹುಳಿಯ ಜೀವಿಗಳಿಗೆ ಆಗದು. ಲೈಪ್‌ಜಿಗ್ಗಿನ ಗೋಸೆಯೆಂಬ ಬಿಯರಿಗೆ ಉಪ್ಪು, ಕೊತ್ತಂಬರಿ ಬೀಜಗಳೂ ಬೀಳುತ್ತವೆ.

ಇಂಥದೊಂದು ಲೋಟವನ್ನು ಎದುರಿಗಿಟ್ಟುಕೊಂಡು ನೋಡಿದರೆ ಬಣ್ಣ ಒಣಹುಲ್ಲಿನದು, ಮೈ ಸ್ವಲ್ಪ ಮಸುಕು; ನೊರೆ ಏಳುತ್ತಿದ್ದಂತೆಯೇ ಕರಗಿಬಿಡುತ್ತದೆ. ಮೊದಲ ಗುಟುಕಿಗೆ ಕೆನ್ನೆಯ ಒಳಬದಿ ಜುಮ್ಮೆಂದು ಬಾಯಿ ನೀರೂರುತ್ತದೆ. ಗಟ್ಟಿ ಮೊಸರಿನ ಮೇಲೆ ನಿಲ್ಲುವ ತಿಳಿನೀರಿನಂಥ ಶುಚಿಯಾದ ಹುಳಿ ಅದು; ಅದರ ಬೆನ್ನಿಗೆ ಗೋಧಿಯ ಮೆಲುವಾದ ಗಂಧ ಬಂದು, ಕಡೆಗೆ ಏನೂ ಉಳಿಯದೆ ನಾಲಗೆ ಸ್ವಚ್ಛವಾಗುತ್ತದೆ.

ಈ ಹುಳಿ ಇಲ್ಲಿಯ ಜನಕ್ಕೆ ಹೊಸತೆ? 1948ರಲ್ಲಿ ಜಯನಗರಕ್ಕೆ ಅಸ್ತಿಭಾರ ಬೀಳುವ ಮುನ್ನ ದಕ್ಷಿಣ ಬೆಂಗಳೂರಿನ ಈ ಸೀಮೆಯೆಲ್ಲ ಭೈರಸಂದ್ರ, ತಾವರೆಕೆರೆ, ಮಡಿವಾಳ, ಸಾರಕ್ಕಿ, ಯಡಿಯೂರು, ಪುಟ್ಟೇನಹಳ್ಳಿಗಳೆಂಬ ಕೆರೆಯ ಊರುಗಳ ಸಾಲಾಗಿತ್ತು. ಮೈಸೂರು ಸೀಮೆಯಲ್ಲಿ ಹಳ್ಳದ ದಂಡೆ, ಕೆರೆಯ ಕೆಳಗಣ ತಗ್ಗು ಈಚಲಿಗೆ ಒಗ್ಗಿದ ನೆಲ. ಸಂಜೆ ಮರದ ನೆತ್ತಿಯನ್ನು ಕೆತ್ತಿ ಈಡಿಗರು ಕಟ್ಟಿದ ಮಡಕೆಯಲ್ಲಿ ಬೆಳಗಾಗುವ ಹೊತ್ತಿಗೆ ತುಂಬಿರುವ ರಸ ಸಿಹಿ. ಬಿಸಿಲೇರಿದಂತೆ ಗಾಳಿಯ ಯೀಸ್ಟೂ ಹುಳಿಯ ಜೀವಿಗಳೂ ಕೂಡಿಯೇ ಅದನ್ನು ಹೆಂಡವಾಗಿಸುತ್ತವೆ. ಬರ್ಲಿನ್ನಿನ ಕುಶಲಿಗಳು ಯತ್ನದಿಂದ ಸಾಧಿಸುವ ಜೋಡಿ ಹುದುಗು ಇಲ್ಲಿ ಮಡಕೆಯ ಸಹಜಧರ್ಮ. ಟಿಪ್ಪು ಸುಲ್ತಾನನು ಮದ್ಯವನ್ನು ನಿಷೇಧಿಸಿ ಮರಗಳನ್ನೇ ಕಡಿಸಹೊರಟನು; ಅವನ ಅನಂತರ ಬಂದ ಆಡಳಿತಗಳು ಅಬಕಾರಿಯನ್ನು ಬೊಕ್ಕಸದ ಆಧಾರವನ್ನಾಗಿ ಮಾಡಿಕೊಂಡವು. ಸ್ವತಃ ಕುಡಿಯದ ಜಿ.ಪಿ. ರಾಜರತ್ನಂ ಅವರು ‘ರತ್ನನ ಪದಗಳು’ ಎಂಬ ಕೃತಿಯಲ್ಲಿ ಹೆಂಡಗುಡುಕನೊಬ್ಬನ ಬಾಯಲ್ಲಿ ಕನ್ನಡದ ಅಭಿಮಾನವನ್ನು ಆಡಿಸಿದರೆಂದರೆ, ಆ ಪಾನ ಈ ನಾಡಿನ ಬದುಕಿನಲ್ಲಿ ಎಷ್ಟು ಬೆರೆತಿತ್ತೆಂದು ಊಹಿಸಬಹುದು. ಕುಡಿಯದವರಿಗೂ ಹುಳಿಯ ಕೊರತೆಯಿರಲಿಲ್ಲ: ರಾತ್ರಿ ಕಾಯಿಸಿಟ್ಟು ಬೆಳಗ್ಗೆ ಮಜ್ಜಿಗೆ, ಉಪ್ಪು ಬೆರೆಸಿ ಕುಡಿಯುವ ರಾಗಿಯಂಬಲಿ ಹೊಲದ ದುಡಿಮೆಗಾರರ ಹೊಟ್ಟೆಯನ್ನು ತಂಪಾಗಿಟ್ಟಿತ್ತು. ಇಂದಿಗೂ ಗಾಂಧಿ ಬಜಾರಿನ ವಿದ್ಯಾರ್ಥಿ ಭವನದ ಮುಂದೆ, ಜಯನಗರದ ಹೋಟೆಲುಗಳ ಮುಂದೆ ಮುಂಜಾನೆ ಕಾದು ನಿಲ್ಲುವವರು ಬಯಸುವುದು ರಾತ್ರಿಯಿಡೀ ಹುದುಗಿ ಹುಳಿಬಂದ ದೋಸೆ ಹಿಟ್ಟಿನ ರುಚಿಯನ್ನೇ. ಅದನ್ನು ಹುಳಿಗೊಳಿಸುವುದೂ ಅದೇ ಲ್ಯಾಕ್ಟಿಕ್ ಆಮ್ಲದ ಜೀವಿಗಳ ಬಳಗ.

ಹೆಂಡದ ಕಥೆ 2004ರಲ್ಲಿ ಮುಗಿಯಿತು. ಕರಾವಳಿಯ ಎರಡು ಜಿಲ್ಲೆಗಳನ್ನುಳಿದು ರಾಜ್ಯದಲ್ಲೆಲ್ಲ ಅದು ನಿಷಿದ್ಧವಾಯಿತು. 2007ರ ಜುಲೈ 1ರಿಂದ ಸಾರಾಯಿಯೂ ಹೋಯಿತು. ಅನಂತರದ ಕೆಲವೇ ವರ್ಷಗಳಲ್ಲಿ ಸರ್ಕಾರ ಮೈಕ್ರೊಬ್ರೂವರಿಗಳಿಗೆ ಅನುಮತಿಯಿತ್ತು, 2010ರ ದಶಕದ ಆರಂಭದಲ್ಲಿ ಮೊದಲು ನಗರದ ನಡುವಣ ಬೀದಿಗಳಲ್ಲಿ, ಬಳಿಕ ದಕ್ಷಿಣದ ಬಡಾವಣೆಗಳಲ್ಲಿ ತಾಮ್ರ, ಉಕ್ಕುಗಳ ಹಂಡೆಗಳು ತಲೆಯೆತ್ತಿದವು. ಬಡವನ ಹುಳಿಪಾನಕ್ಕೆ ಬಾಗಿಲು ಮುಚ್ಚಿ, ಕೆಲವೇ ವರ್ಷಗಳಲ್ಲಿ ಉಳ್ಳವರ ಪಾನಕ್ಕೆ ಬಾಗಿಲು ತೆರೆದುದು ನನಗೆ ನೋವಿನ ಸಂಗತಿಯಾಗಿ ತೋರುತ್ತದೆ. ಹೆಂಡದಲ್ಲಿ ಕಲಬೆರಕೆಯ ಹಾವಳಿಯಿತ್ತೆಂಬ ಮಾತು ನಿಜವಾದರೂ, ಕಲಬೆರಕೆಯನ್ನು ತಡೆಯುವುದು ಬೇರೆ, ಕಸುಬನ್ನೇ ಅಳಿಸುವುದು ಬೇರೆ.

ಈಗ ಹುಳಿ ಬಿಯರನ್ನು ಮಾಡುವವರಲ್ಲಿ ನನ್ನದೊಂದು ಪ್ರಾರ್ಥನೆ. ಬೆಳಗಾವಿ, ಬಾಗಲಕೋಟೆಗಳ ಕಡೆ ಬೆಳೆಯುವ ಜವೆಗೋಧಿ, ಪ್ರಾಚೀನ ಈಜಿಪ್ಟಿನವರು ಬಿಯರಿಗೆ ಬಳಸುತ್ತಿದ್ದ ಎಮರ್ ಗೋಧಿಯ ಜಾತಿಯದೇ ಆಗಿದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಡಿಡಿಕೆ-1025, ಡಿಡಿಕೆ-1029 ಎಂಬ ತಳಿಗಳನ್ನೂ ಕೊಟ್ಟಿದೆ. ದೂರದೇಶದ ಮಾಲ್ಟನ್ನು ತರಿಸುವ ಮೊದಲು ಆ ರೈತರಲ್ಲಿ ಹತ್ತು ಚೀಲ ಕೊಂಡು, ಮೊಳಕೆ ಬರಿಸಿ, ಒಂದು ಹಂಡೆಯನ್ನಾದರೂ ಹುಳಿಗೊಳಿಸಿ ನೋಡಲಿ.