ಮಣ್ಣು ಮಾಳಿಗೆ, ಸಿಮೆಂಟು ಗೋಡೆ, ಬೂಜು

ಚರಿತ್ರೆ ಅಂದರೆ ರಾಜರದು, ಗುಡಿಗಳದು ಅಂತ ನಾವು ತಿಳಿದಿದ್ದೇವೆ. ನಮ್ಮ ಕಂಬದೂರಿನ ಮಲ್ಲಿಕಾರ್ಜುನಸ್ವಾಮಿ ಗುಡಿಯ ಕಲ್ಲಿಗೆ ಚರಿತ್ರೆ ಐತೆ. ಆದರೆ ನಾವು ಹುಟ್ಟಿ ಬೆಳೆದ ಮಣ್ಣಿನ ಮನೆಗಳ ಚರಿತ್ರೆ ನಾನು ಎಲ್ಲೂ ಓದಲಿಲ್ಲ. ವಾಚನಾಲಯದವರು ಒಂದು ಲೇಖನ ಬರಕೊಡು ಅಂದಾಗ ಇದನ್ನೇ ಬರೆಯೋಣ ಅನ್ನಿಸಿತು. ನಾನು ಪಾವಗಡ ಸೀಮೆಯ ಸೋದರಮಾವನ ಮನೆಯಲ್ಲಿದ್ದು ಏಳನೇ ಕ್ಲಾಸಿನವರೆಗೆ ಕನ್ನಡ ಓದಿದವನು. ಬೇಸಾಯ ನನ್ನ ಕಸುಬು, ಪದ ಹೇಳೋದು ಅಪ್ಪನಿಂದ ಬಂದದ್ದು. ತಪ್ಪಿದ್ದರೆ ಮೇಷ್ಟ್ರುಗಳು ತಿದ್ದಬೇಕು.

ಬರೆಯೋದಕ್ಕೆ ಕಾರಣವಾದದ್ದು ಒಂದು ನೋಟುಬುಕ್ಕು. ನಮ್ಮಪ್ಪ ಸೋಬಾನೆ, ಕೋಲಾಟದ ಪದ, ಬೀಸೋ ಪದ, ತತ್ವದ ಪದಗಳನ್ನೆಲ್ಲ ಒಂದು ದಪ್ಪ ಪುಸ್ತಕದಾಗೆ ಬರೆದಿಟ್ಟಿದ್ದ. ಪದ ಕನ್ನಡದ್ದು, ಅಕ್ಷರ ತೆಲುಗಿನದು. ಗಡಿಯ ಬಾಳು ಹಂಗೆ ತಾನೆ! ಆ ಪುಸ್ತಕ ಹಳೇ ಮನೆಯ ಅಟ್ಟದ ಮೇಲೆ ನಲವತ್ತು ವರ್ಷ ಇತ್ತು, ಏನೂ ಆಗಿರಲಿಲ್ಲ. 2009ರಲ್ಲಿ ನಾವು ಹಳೇ ಮನೆ ಕೆಡವಿ ಸಿಮೆಂಟಿನ ಮನೆ ಕಟ್ಟಿದೆವು. ಪುಸ್ತಕವನ್ನು ಒಂದು ತಗಡಿನ ಪೆಟ್ಟಿಗೆಯಲ್ಲಿಟ್ಟು, ಮೂಲೆಯ ಗೋಡೆಗೆ ಒತ್ತಿ ಇಟ್ಟೆ. 2021ರ ನವೆಂಬರಿನಲ್ಲಿ ನಮ್ಮ ಸೀಮೆಗೆ ಬಂದ ಮಳೆ ನಿಮಗೂ ನೆನಪಿರಬೇಕು. ಮಳೆ ನಿಂತು ತಿಂಗಳಾದ ಮೇಲೆ ಪೆಟ್ಟಿಗೆ ತೆಗೆದೆ. ಕಮಟು ವಾಸನೆ ಮೂಗಿಗೆ ಹೊಡೆಯಿತು. ಹಾಳೆಗಳು ಒಂದಕ್ಕೊಂದು ಅಂಟಿ, ಮೇಲೆ ಹಸಿರು ಕಪ್ಪು ಬೂಜು ಕೂತಿತ್ತು. ಬಿಡಿಸಲು ಹೋದರೆ ಬೂದಿಯಂಗೆ ಉದುರಿತು.

ಬೂಷ್ಟು ಅಂತ ಪುಸ್ತಕದಾಗೆ ಬರೀತಾರೆ, ನಾವು ಬೂಜು ಅಂತೀವಿ, ತೆಲುಗಿನವರೂ ಬೂಜು ಅಂತಲೇ ಅಂತಾರೆ. ಇಷ್ಟು ಒಣ ಸೀಮೆಯಲ್ಲಿ, ಮಳೆಗೆ ಬಾಯಿ ಬಿಡೋ ನಮ್ಮ ಊರಿನಾಗೆ ಬೂಜು ಎಲ್ಲಿಂದ ಬಂತು? ಮಲೆನಾಡಿನವರಿಗೆ ಬರಬೇಕಾದ ಕಷ್ಟ ನಮ್ಮ ಗೋಡೆಗೆ ಯಾಕೆ ಬಂತು? ಅದನ್ನ ಹುಡುಕುತ್ತಾ ಹೋದಾಗ ನಮ್ಮ ಮನೆಗಳ ಚರಿತ್ರೆಯೇ ಕಂಡಿತು.

ಮೊದಲು ಮಾಳಿಗೆಯ ಮಾತು. 1800ರಲ್ಲಿ ನಿಜಾಮರು ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟರು, ಮನ್ರೋ ದೊರೆ ಕಲೆಕ್ಟರಾಗಿ ಬಂದ. 1882ರಲ್ಲಿ ಬಳ್ಳಾರಿಯಿಂದ ಬೇರೆಯಾಗಿ ಅನಂತಪುರ ಜಿಲ್ಲೆ ಆಯಿತು. 1953ರಲ್ಲಿ ಆಂಧ್ರ ರಾಜ್ಯ ಆಯಿತು. ಸರ್ಕಾರ ಎಷ್ಟು ಸಲ ಬದಲಾದರೂ ನಮ್ಮ ಹಿರಿಯರು ಮನೆ ಕಟ್ಟೋ ರೀತಿ ಬದಲಾಗಿರಲಿಲ್ಲ. ಕಲ್ಲಿನ ತಳಪಾಯ, ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ತೊಲೆ, ಜಂತೆ, ಅದರ ಮೇಲೆ ಸೊಪ್ಪು ಹಾಸಿ ಮಣ್ಣು, ಎಲ್ಲದರ ಮೇಲೆ ಚೌಳು ಮಣ್ಣು. ಈ ಚೌಳಿನ ಗುಟ್ಟು ನನಗೆ ತಿಳಿದದ್ದು ಮೊನ್ನೆ ಮೊನ್ನೆ. ಅದರಲ್ಲಿ ಸೋಡಿಯಂ ಅನ್ನೋ ಉಪ್ಪಿನಂಶ ಹೆಚ್ಚು. ಮಳೆ ಬಿದ್ದ ಕೂಡಲೇ ಅದರ ಕಣಗಳು ಬಿಡಿಬಿಡಿಯಾಗಿ ಹರಡಿ ಮಣ್ಣಿನ ಸಣ್ಣ ತೂತುಗಳನ್ನೆಲ್ಲ ಮುಚ್ಚಿಬಿಡುತ್ತವೆ. ಆಮೇಲೆ ನೀರು ಕೆಳಗಿಳಿಯದೆ ದೋಣಿಯ ಕಡೆ ಹರಿದುಹೋಗುತ್ತೆ. ಹೊಲದಲ್ಲಿ ಪೈರಿಗೆ ಶಾಪವಾದ ಮಣ್ಣು ಮಾಳಿಗೆಗೆ ವರವಾಗಿತ್ತು. ವರ್ಷಾ ವರ್ಷಾ ಮಳೆಗಾಲಕ್ಕೆ ಮುಂಚೆ ಗಾಡಿಯಲ್ಲಿ ಚೌಳು ತಂದು ಮಾಳಿಗೆ ಮೇಲೆ ಹರಡಿ ತುಳಿಯೋದು ಒಂದು ಹಬ್ಬದಂಗೆ ಇತ್ತು. ಹುಡುಗರಾದ ನಮಗೆ ಮಾಳಿಗೆ ಮೇಲೆ ಕುಣಿಯೋದಕ್ಕೆ ಅವತ್ತು ಯಾರೂ ಬಯ್ಯುತ್ತಿರಲಿಲ್ಲ.

ಮಾಳಿಗೆಯ ನಡುವೆ ಬೆಳಕಿಂಡಿ. ಒಲೆಯ ಹೊಗೆ ಅಲ್ಲಿಂದ ಹೋಗೋದು, ಅದರ ಜೊತೆಗೆ ಮನೆಯ ತೇವವೂ ಹೋಗೋದು. ಗೋಡೆಗೆ ಸುಣ್ಣ. ಹೊಲದಾಗೆ ಸಿಗೋ ಸುಣ್ಣಕಲ್ಲು ಸುಟ್ಟು, ನೀರು ಹಾಕಿ ಅರಳಿಸಿದ ಸುಣ್ಣ ಬಹಳ ಖಾರ. ಆ ಖಾರದಲ್ಲಿ ಬೂಜು ಬದುಕೋದು ಕಷ್ಟ. ಆದರೆ ಗಾಳಿಗೆ ದಿನಾ ಕಳೆದಂತೆ ಸುಣ್ಣ ಮತ್ತೆ ಕಲ್ಲಾಗಿ ಅದರ ಖಾರ ಇಳಿಯುತ್ತೆ. ಅದಕ್ಕೇ ಹಬ್ಬಕ್ಕೆ ಹಬ್ಬಕ್ಕೆ ಹೊಸದಾಗಿ ಬಳಿಯಬೇಕು. ಯುಗಾದಿಗೆ ಸುಣ್ಣ ಬಳಿಯೋದು ಬರೀ ಚೆಂದಕ್ಕೆ ಅಂತ ನಾನು ತಿಳಿದಿದ್ದೆ. ಅದು ಮನೆಗೆ ಹಾಕೋ ಔಷಧಿ ಆಗಿತ್ತು.

ಇನ್ನು ಕಾಳಿನ ಮಾತು. ರಾಗಿ, ಜೋಳ ಇಡೋಕೆ ನೆಲದಾಗೆ ಹಗೇವು ಇರ್ತಿತ್ತು. ತೆಲುಗಿನವರು ಪಾತರ ಅಂತಾರೆ. ಸುತ್ತ ಹುಲ್ಲು ಕಟ್ಟಿ, ಚೆನ್ನಾಗಿ ಒಣಗಿದ ಕಾಳು ತುಂಬಿ, ಬಾಯಿಗೆ ಮಣ್ಣು ಮೆತ್ತಿ ಮುಚ್ಚಿಬಿಡೋರು. ಒಳಗಿನ ಗಾಳಿಯ ಸತ್ವ ಮುಗಿದ ಮೇಲೆ ಹುಳವೂ ಬದುಕಲ್ಲ, ಬೂಜೂ ಬೆಳೆಯಲ್ಲ. ಅದಕ್ಕೇ ಹಗೇವು ತೆಗೆದ ಕೂಡಲೇ ಮನುಷ್ಯ ಇಳಿಯಬಾರದು, ಇಳಿದರೆ ಉಸಿರು ಕಟ್ಟಿ ಸಾಯುತ್ತಾನೆ. ಬಾಯಿ ತೆಗೆದು ಗಾಳಿ ಆಡಲು ಬಿಟ್ಟು, ದೀಪ ಇಳಿಸಿ ನೋಡಿ ಆಮೇಲೆ ಇಳಿಯೋರು. ಗೋಡೆಗೆ ತಗುಲಿದ ಸ್ವಲ್ಪ ಕಾಳು ಮಾತ್ರ ಕೆಡೋದು. ರಾಗಿ ಹಂಗೆ ವರ್ಷಗಟ್ಟಲೆ ಇರೋದು. 1876ರಿಂದ 78ರವರೆಗೆ ಬಂದ ದಾತು ವರ್ಷದ ಬರದ ಕಥೆಯನ್ನು ನಮ್ಮ ಮುದುಕರು ಹೇಳುವಾಗ, ಯಾರ ಹಗೇವಿನಾಗೆ ಕಾಳಿತ್ತು, ಯಾರದರಾಗೆ ಇರಲಿಲ್ಲ ಅಂತಲೇ ಶುರು ಮಾಡೋರು.

ಹಳೇದೆಲ್ಲ ಚಿನ್ನ ಅಂತ ನಾನು ಹೇಳಲ್ಲ. ಹೊಗೆಯಲ್ಲಿ ನಮ್ಮವ್ವನ ಕಣ್ಣು ಹಾಳಾದವು, ಎದೆ ಕಟ್ಟಿ ಕೆಮ್ಮುತ್ತಿದ್ದಳು. ಒಂದು ವರ್ಷ ಚೌಳು ಹಾಕದಿದ್ದರೆ ಮಾಳಿಗೆ ಸೋರಿ, ತೊಲೆ ಮುರಿದು ಮೈಮೇಲೆ ಬೀಳೋದು. ಚೇಳಿನ ಕಾಟ ಬೇರೆ. ಮರ ಸಿಗದಂಗಾಯಿತು, ಚೌಳು ಹೊರೋರು ಇಲ್ಲದಂಗಾಯಿತು. ಸಿಮೆಂಟಿನ ಮನೆ ಬೇಕು ಅಂತ ಎಲ್ಲರೂ ಆಸೆಪಟ್ಟೆವು. ನಮ್ಮ ದೇಶದಲ್ಲಿ 1904ರಲ್ಲೇ ಮದ್ರಾಸಿನಲ್ಲಿ ಸಿಮೆಂಟು ಮಾಡಲು ಹೊರಟಿದ್ದರಂತೆ, ಅದು ನಮ್ಮಂಥ ಬಡವರ ಮನೆ ಮುಟ್ಟಲು ಎಷ್ಟೋ ಕಾಲ ಹಿಡಿಯಿತು.

ಅದೇ ಕಾಲಕ್ಕೆ ಹೊಲವೂ ಬದಲಾಯಿತು. ರಾಗಿ, ಕೊರಲೆ, ಸಜ್ಜೆ ಹೋಗಿ ಎಲ್ಲಿ ನೋಡಿದರೂ ಕಡ್ಲೆಕಾಯಿ ಬಂತು. ಹಗೇವು ಮುಚ್ಚಿದೆವು. ಕಡ್ಲೆಕಾಯಿ ಮೂಟೆಗಳನ್ನು ನಾವು ಮಲಗೋ ಮನೆಯಾಗೆ, ಗೋಡೆಗೆ ಒತ್ತಿ ಪೇರಿಸಿದೆವು. ನೆಲದ ತೇವ, ಗೋಡೆಯ ತೇವ ಮೂಟೆಗೆ ಏರಿತು.

ಕಡ್ಲೆಕಾಯಿಯ ಬೂಜು ಸಣ್ಣ ಮಾತಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಏನು ರೋಗ ಅಂತ ತಿಳಿಯದೆ ಹುಡುಕಿದಾಗ, ಬ್ರೆಜಿಲ್ ದೇಶದಿಂದ ತರಿಸಿ ಮೇವಿಗೆ ಹಾಕಿದ ಕಡ್ಲೆಕಾಯಿ ಹಿಂಡಿಯ ಬೂಜಿನಲ್ಲಿ ವಿಷ ಸಿಕ್ಕಿತು. ಅದಕ್ಕೆ ಅಫ್ಲಾಟಾಕ್ಸಿನ್ ಅಂತ ಹೆಸರಿಟ್ಟರು. ಅದು ಈರಲ (ಲಿವರು) ಕೆಡಿಸುತ್ತೆ. ದೂರದ ದೇಶದ ಕೋಳಿ ಕಥೆ ಅಂತ ನಗಬೇಡಿ. 1974ರಲ್ಲಿ ರಾಜಸ್ಥಾನದ ಬಾಂಸವಾಡಾ, ಗುಜರಾತಿನ ಪಂಚಮಹಲ್ ಕಡೆ ಅಕಾಲದ ಮಳೆಗೆ ಮೆಕ್ಕೆಜೋಳ ಬೂಜು ಹಿಡಿಯಿತು. ಬಡವರು ಬೇರೆ ಇಲ್ಲದೆ ಅದನ್ನೇ ತಿಂದರು. ಕಾಮಾಲೆ ಬಂದು, ಹೊಟ್ಟೆ ಊದಿ 106 ಜನ ಸತ್ತರು. ಅದೇ ರೊಟ್ಟಿ ತಿಂದ ನಾಯಿಗಳೂ ಸತ್ತವು. ಈ ವಿಷ ಬೇಯಿಸಿದರೆ, ಹುರಿದರೆ ಪೂರಾ ಹೋಗಲ್ಲ. ಆದ್ದರಿಂದ ಅಕ್ಕ ತಂಗಿಯರೇ, ಬೂಜು ಬಂದ ಬೀಜ, ಸುಕ್ಕಿದ ಬೀಜ ಆರಿಸಿ ಬಿಸಾಕಿ. ತೊಳೆದು ಚಟ್ನಿಗೆ ಹಾಕಬೇಡಿ, ದನಕ್ಕೂ ಹಾಕಬೇಡಿ. ಮಾರೋಕೂ ಬೇಡ.

ಗೋಡೆಯ ಬೂಜಿಗೆ ಬರೋಣ. ನಮ್ಮ ಮನೆಯಾಗೆ ಬೂಜು ಕಂಡಾಗ ಮಗ ಎರಡು ಸಲ ಬಣ್ಣ ಹೊಡೆಸಿದ. ಪೇಟೆಯ ಹೊಳೆಯೋ ಬಣ್ಣ. ಆರು ತಿಂಗಳಿಗೆ ಬಣ್ಣ ಹಪ್ಪಳದಂಗೆ ಎದ್ದು ಒಳಗಿನಿಂದ ಬೂಜು ಮತ್ತೆ ಬಂತು. ಮೊಮ್ಮಗಳಿಗೆ ರಾತ್ರಿ ಕೆಮ್ಮು, ಉಬ್ಬಸ. ಒಬ್ಬ ಹಳೇ ಗಾರೆ ಕೆಲಸದವರು ಬಂದು ನೋಡಿ ಕೇಳಿದರು: “ಅಣ್ಣಾ, ಬೂಜು ಇರಲಿ, ನೀರು ಎಲ್ಲಿಂದ ಬರ್ತೈತೆ ನೋಡಿದ್ಯಾ?” ನಾನು ನೋಡಿರಲಿಲ್ಲ. ಹಿಂದಿನ ಬಚ್ಚಲ ನೀರು ಗೋಡೆ ಬುಡಕ್ಕೇ ಹರೀತಿತ್ತು. ಮಾಳಿಗೆಯ ಮೂಲೆಯಲ್ಲಿ ಒಂದು ಕೂದಲೆಳೆ ಬಿರುಕು. ಕೆಡವದೆ ಉಳಿಸಿಕೊಂಡ ಒಂದು ಹಳೇ ಮಣ್ಣಿನ ಗೋಡೆಗೆ ಸಿಮೆಂಟು ಮೆತ್ತಿದ್ದೆವು. ಒಳಗೆ ಹೋದ ನೀರಿಗೆ ಹೊರಗೆ ಬರೋ ದಾರಿ ನಾವೇ ಮುಚ್ಚಿದ್ದೆವು. ಹಳೇ ಮನೆಗೂ ನೀರು ಬರ್ತಿತ್ತು, ಆದರೆ ಹೋಗೋ ದಾರಿ ಇತ್ತು. ಹೊಸ ಮನೆಗೆ ಬೂಜು ಬಂದದ್ದು ಮಳೆಯಿಂದ ಅಲ್ಲ, ದಾರಿ ಇಲ್ಲದ್ದರಿಂದ.

ಇದು ನಮಗೆ ಮಾತ್ರ ಬಂದ ಕಷ್ಟವಲ್ಲ. ಕ್ರೈಸ್ತರ ಬೈಬಲಿನ ಹಳೇ ಭಾಗದಲ್ಲಿ, ಯಾಜಕಕಾಂಡ ಅನ್ನೋ ಪುಸ್ತಕದಾಗೆ, ಗೋಡೆ ಮೇಲೆ ಹಸಿರು ಕೆಂಪು ಕಲೆ ಕಂಡರೆ ಏನು ಮಾಡಬೇಕು ಅಂತ ಐತೆ. ಪೂಜಾರಿ ಬಂದು ನೋಡಿ ಏಳು ದಿನ ಮನೆ ಮುಚ್ಚಿಸಬೇಕು. ಕಲೆ ಹರಡಿದ್ದರೆ ಆ ಕಲ್ಲು ಕಿತ್ತು, ಗಾರೆ ಕೆರೆದು ಊರಾಚೆ ಹಾಕಬೇಕು. ಹೊಸದಾಗಿ ಗಾರೆ ಮಾಡಿದ ಮೇಲೂ ಬಂದರೆ ಮನೆ ಕೆಡವಬೇಕು. ಸಾವಿರಾರು ವರ್ಷದ ಹಿಂದಿನವರಿಗೂ ಮೇಲೆ ಬಳಿದರೆ ಸಾಲದು ಅಂತ ತಿಳಿದಿತ್ತು. ಈಚೆಗೆ 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯವರೂ ತೇವದ ಮನೆ, ಬೂಜಿನ ಮನೆಯಲ್ಲಿರೋರಿಗೆ ಉಬ್ಬಸದ ತೊಂದರೆ ಹೆಚ್ಚು, ತೇವ ತಡೆಯೋದೇ ಮುಖ್ಯ ಅಂತ ಪುಸ್ತಕ ಮಾಡಿದ್ದಾರೆ.

ನಾವು ಮಾಡಿದ್ದನ್ನ ಹೇಳ್ತೀನಿ, ಬೇಕಾದವರು ಮಾಡಿ ನೋಡಿ. ಮೊದಲು ಬಚ್ಚಲ ನೀರಿಗೆ ಕಾಲುವೆ ಮಾಡಿ ತೆಂಗಿನ ಗಿಡಕ್ಕೆ ತಿರುಗಿಸಿದೆವು. ಮಾಳಿಗೆ ಬಿರುಕು ಮುಚ್ಚಿಸಿದೆವು. ಆಮೇಲೆ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಮಕ್ಕಳನ್ನ ಆಚೆ ಕಳಿಸಿ, ಕಿಟಕಿ ಬಾಗಿಲು ತೆಗೆದು ಕೆಲಸಕ್ಕೆ ಇಳಿದೆವು. ಒಣ ಪೊರಕೆಯಲ್ಲಿ ಬೂಜು ಗುಡಿಸಬಾರದು, ಅದರ ಹುಡಿಯೇ ಅದರ ಬೀಜ, ಮನೆಯೆಲ್ಲ ಹಾರುತ್ತೆ. ಸೋಪಿನ ನೀರಲ್ಲಿ ಬಟ್ಟೆ ಅದ್ದಿ ಒರೆಸಿ, ಎದ್ದ ಬಣ್ಣ, ಪುಡಿಯಾದ ಗಾರೆ ನೀರು ಚಿಮುಕಿಸಿ ಕೆರೆದೆವು. ಮಣ್ಣಿನ ಗೋಡೆಯ ಸಿಮೆಂಟು ಕಿತ್ತು ಒಂದು ಬೇಸಿಗೆ ಪೂರ್ತಿ ಒಣಗಲು ಬಿಟ್ಟು, ಸುಣ್ಣದ ಗಾರೆ ಮಾಡಿಸಿ, ಮೇಲೆ ಸುಣ್ಣ ಬಳಿದೆವು. ಬಚ್ಚಲ ಕಲ್ಲಿಗೆ ಬ್ಲೀಚಿಂಗ್ ಪುಡಿ ಹಾಕಬಹುದು. ಆದರೆ ಅದಕ್ಕೆ ಬಚ್ಚಲು ತೊಳೆಯೋ ಆಸಿಡ್ ಬೆರೆಸಬೇಡಿ, ವಿಷಗಾಳಿ ಏಳುತ್ತೆ.

ಈಗ ಪೆಟ್ಟಿಗೆ, ಬೀರು ಗೋಡೆಯಿಂದ ನಾಲ್ಕು ಬೆರಳು ದೂರ. ಮೂಟೆ ಹಲಗೆ ಮೇಲೆ. ಏನಾದರೂ ನೆಂದರೆ ಎರಡು ದಿನದೊಳಗೆ ಒಣಗಿಸಬೇಕು, ತಡವಾದರೆ ಬೂಜು ಬೇರೂರುತ್ತೆ. ಬಿಸಿಲು ಇದ್ದಾಗ ಕಿಟಕಿ ತೆಗೀತೀವಿ. ಬಿಸಿಲಿಗೆ ನಮ್ಮ ಸೀಮೆಯಾಗೆ ಏನು ಬರ? ಎರಡು ಮಳೆಗಾಲ ಆಯಿತು, ಬೂಜು ತಿರುಗಿ ಬಂದಿಲ್ಲ. ಮೊಮ್ಮಗಳ ಕೆಮ್ಮು ಬಹಳ ಕಮ್ಮಿ ಆಗೈತೆ.

ಪುಸ್ತಕ ಮಾತ್ರ ಹೋಯಿತು. ಹಳೇ ಓಲೆಗರಿಗಳಿಗೆ ಹುಲ್ಲಿನ ಎಣ್ಣೆ ಸವರಿ ಕಾಪಾಡುತ್ತಾರಂತೆ, ಮೈಸೂರಿನಲ್ಲಿ 1891ರಲ್ಲಿ ಶುರುವಾದ ಪ್ರಾಚ್ಯವಿದ್ಯೆಯ ಸಂಸ್ಥೆಯಲ್ಲಿ ಸಾವಿರಾರು ಕಟ್ಟುಗಳು ಹಂಗೆ ಉಳಿದಿವೆ. ನಮ್ಮಪ್ಪನ ಪುಸ್ತಕಕ್ಕೆ ನಾನು ಒಂದು ಬಿಸಿಲೂ ತೋರಿಸಲಿಲ್ಲ. ನೆರಳಲ್ಲಿ ಆರಿಸಿ, ಮೆತ್ತನೆ ಕುಂಚದಲ್ಲಿ ಬೂಜು ತೆಗೆದ ಮೇಲೆ ಓದೋ ಹಾಳೆ ಹನ್ನೊಂದು ಉಳಿದವು. ಮಿಕ್ಕಿದ್ದರಲ್ಲಿ ನನಗೆ ಬಾಯಿಗೆ ಬರೋದನ್ನು ಬರೆದಿದ್ದೇನೆ. ಬೀಸೋ ಪದಗಳು ನಮ್ಮಪ್ಪ ಅವ್ವನಿಂದ ಕೇಳಿ ಬರಕೊಂಡಿದ್ದು, ನಾನು ಗಂಡುಹುಡುಗ ಅಂತ ಕಲಿಯಲಿಲ್ಲ. ಅವು ಹೋದವು.

ನಿಮ್ಮ ಮನೆಯಾಗೂ ಅಂಥ ಪುಸ್ತಕ ಇದ್ದರೆ, ಇವತ್ತೇ ಪೆಟ್ಟಿಗೆ ತೆಗೆದು ನೋಡಿ. ಮೇಷ್ಟ್ರುಗಳು ಮಕ್ಕಳ ಕೈಲಿ ನಕಲು ಬರೆಸಿ ವಾಚನಾಲಯದಾಗೆ ಒಂದು ಪ್ರತಿ ಇಡಲಿ. ಬೀಸೋ ಪದ ಬರೋ ಅಜ್ಜಿಯರು ಯಾರಾದರೂ ಇದ್ದರೆ ನನಗೆ ಹೇಳಿ ಕಳಿಸಿ, ನೋಟುಬುಕ್ಕು ತಗೊಂಡು ನಾನೇ ಬರ್ತೀನಿ.